ಗಿಗಾಹರ್ಟ್ಸ್ ಜಗಳ ಮತ್ತು ಅಲನ್ ಟ್ಯೂರಿಂಗ್

ಹೋದ ತಿಂಗಳು ನಮ್ಮ ಕನ್ನಡ ಸಂಘದ ಕೋಣೆಯಲ್ಲಿ ಒಂದು ಜಗಳ ಆಯ್ತು. ಗೆಳೆಯನೊಬ್ಬ ಡೆಸ್ಕ್‌ಟಾಪ್ ಕಟ್ಟಿಸಬೇಕಿತ್ತು. ಅವನ ಮುಂದೆ ಎರಡು ಪ್ರೊಸೆಸರ್ ಇದ್ವು: ರೈಜೆನ್ 7 5800ಎಕ್ಸ್ ಮತ್ತು 5800ಎಕ್ಸ್3ಡಿ. ಎರಡಕ್ಕೂ ಎಂಟು ಕೋರ್. ಮೊದಲನೆಯದರ ಗರಿಷ್ಠ ಕ್ಲಾಕ್ 4.7 ಗಿಗಾಹರ್ಟ್ಸ್, ಎರಡನೆಯದರದು 4.5. ಜಾಸ್ತಿ ಇರೋದೇ ಫಾಸ್ಟ್, ಇದರಲ್ಲಿ ಚರ್ಚೆ ಏನಿದೆ ಅಂತ ಅರ್ಧ ಕೋಣೆ. ಆದರೆ ಹಲವು ಆಟಗಳ ಬೆಂಚ್‌ಮಾರ್ಕ್‌ನಲ್ಲಿ ಕ್ಲಾಕ್ ಕಮ್ಮಿ ಇರುವ ಎರಡನೆಯದೇ ಮುಂದೆ ಬರುತ್ತೆ. ಕಾರಣ ಅದರ ಎಲ್3 ಕ್ಯಾಶ್: ಮೊದಲನೆಯದರಲ್ಲಿ 32 ಎಂಬಿ, ಎರಡನೆಯದರಲ್ಲಿ 96 ಎಂಬಿ. ಬೇಕಾದ ಡೇಟಾ ಹತ್ತಿರದಲ್ಲೇ ಸಿಕ್ಕರೆ ಪ್ರೊಸೆಸರ್ ಮೆಮೊರಿಗಾಗಿ ಕಾಯುತ್ತಾ ಕೂರಬೇಕಿಲ್ಲ.

ವೇಗ ಅನ್ನೋದು ಓಡುವ ಲೆಕ್ಕ ಮಾತ್ರ ಅಲ್ಲ, ಕಾಯುವ ಲೆಕ್ಕವೂ ಹೌದು. ಇದು ಹೊಸ ಮಾತೇನಲ್ಲ. ಸುಮಾರು ಎಂಬತ್ತು ವರ್ಷದ ಹಿಂದೆ, ಕಂಪ್ಯೂಟರ್ ಅನ್ನೋದು ಇನ್ನೂ ಕಾಗದದ ಮೇಲಿದ್ದಾಗಲೇ ಈ ಲೆಕ್ಕ ಹಾಕಿದವರು ಅಲನ್ ಟ್ಯೂರಿಂಗ್. ಟ್ಯೂರಿಂಗ್ ಮಷೀನ್ ಅಂದರೆ ನಮಗೆ ನೆನಪಾಗೋದು ಥಿಯರಿ ಪರೀಕ್ಷೆ. ಆದರೆ ಅವರು ನಿಜವಾದ ಪ್ರೊಸೆಸರ್ ಒಂದನ್ನು ವಿನ್ಯಾಸ ಮಾಡಿದ್ದರು ಅನ್ನೋದು ನಮ್ಮಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ. ಅದಕ್ಕೇ ಈ ಸಂಚಿಕೆಯಲ್ಲಿ ಅವರ ಬದುಕು.

ಕೆ.ಆರ್. ಪುರದಿಂದ ದಂಡು ಸ್ಟೇಷನ್‌ಗೆ ರೈಲಲ್ಲಿ ಬರುವ ಗೆಳೆಯರಿಗೆ ಮೊದಲು ಒಂದು ಸುದ್ದಿ. ಆ ದಾರಿ 1864ರಲ್ಲಿ ಜೋಲಾರಪೇಟೆ ಕಡೆಯಿಂದ ದಂಡಿಗೆ ಬಂದ ಮದ್ರಾಸ್ ರೈಲ್ವೆಯದು. ಮುಂದೆ ಅದೇ ಮದ್ರಾಸ್ ರೈಲ್ವೆಗೆ ಮುಖ್ಯ ಎಂಜಿನಿಯರ್ ಆದ ಎಡ್ವರ್ಡ್ ವಾಲರ್ ಸ್ಟೋನಿ, ಟ್ಯೂರಿಂಗ್ ಅವರ ತಾಯಿಯ ಅಪ್ಪ. ತಾಯಿ ಎಥೆಲ್ ಸಾರಾ ಹುಟ್ಟಿದ್ದು ಕೊಯಮತ್ತೂರು ಪಕ್ಕದ ಪೋದನೂರಿನಲ್ಲಿ. ತಂದೆ ಜೂಲಿಯಸ್ ಐಸಿಎಸ್ ಅಧಿಕಾರಿ. ಅವರು 1896ರಿಂದ ಮದ್ರಾಸ್ ಪ್ರೆಸಿಡೆನ್ಸಿಯಲ್ಲಿ ಕೆಲಸ ಮಾಡಿದರು, ಮೊದಲ ವರ್ಷಗಳಲ್ಲಿ ಸುತ್ತಿದ ಜಿಲ್ಲೆಗಳಲ್ಲಿ ನಮ್ಮ ಬಳ್ಳಾರಿಯೂ ಒಂದು. ಅಲನ್ ಮಾತ್ರ ಹುಟ್ಟಿದ್ದು ಲಂಡನ್‌ನಲ್ಲಿ, 1912ರ ಜೂನ್ 23ರಂದು. ಅಪ್ಪ ಅಮ್ಮ ಮತ್ತೆ ಇಂಡಿಯಾಕ್ಕೆ ಹೊರಟಾಗ ಅಲನ್ ಮತ್ತು ಅಣ್ಣ ಜಾನ್ ಇಬ್ಬರನ್ನೂ ಹೇಸ್ಟಿಂಗ್ಸ್ ಬಳಿ ಒಂದು ಮನೆಯಲ್ಲಿ ಬಿಟ್ಟರು. ಹುಡುಗರ ಬಾಲ್ಯ ಹೆಚ್ಚಾಗಿ ಬೇರೆಯವರ ಮನೆಯಲ್ಲೇ ಕಳೆಯಿತು.

1926ರಲ್ಲಿ ಶೆರ್ಬೋರ್ನ್ ಶಾಲೆಗೆ ಸೇರಬೇಕಾದಾಗ ಬ್ರಿಟನ್ನಿನಲ್ಲಿ ಸಾರ್ವತ್ರಿಕ ಮುಷ್ಕರ. ರೈಲಿಲ್ಲ. ಹದಿಮೂರರ ಹುಡುಗ ಸುಮಾರು 100 ಕಿಲೋಮೀಟರ್ ಸೈಕಲ್ ತುಳಿದು ಶಾಲೆ ಸೇರಿದ. ಅಲ್ಲಿ ಸಿಕ್ಕ ಆಪ್ತ ಗೆಳೆಯ ಕ್ರಿಸ್ಟೋಫರ್ ಮಾರ್ಕಮ್. ಇಬ್ಬರಿಗೂ ಗಣಿತದ, ವಿಜ್ಞಾನದ ಹುಚ್ಚು. 1930ರ ಫೆಬ್ರವರಿಯಲ್ಲಿ ಕ್ಷಯದಿಂದ ಆ ಗೆಳೆಯ ತೀರಿಕೊಂಡ. ಆ ನೋವು ಟ್ಯೂರಿಂಗ್ ಅವರನ್ನು ಬಹಳ ಕಾಲ ಬಿಡಲಿಲ್ಲ.

ಕೇಂಬ್ರಿಜ್‌ನ ಕಿಂಗ್ಸ್ ಕಾಲೇಜಿಗೆ 1931ರಲ್ಲಿ ಸೇರಿದರು. 1936ರಲ್ಲಿ, ಇನ್ನೂ 24 ತುಂಬುವ ಹೊತ್ತಿಗೆ, ನಾವು ಇವತ್ತು ಓದುವ ಆ ಕಾಲ್ಪನಿಕ ಯಂತ್ರದ ಪ್ರಬಂಧ ಸಿದ್ಧವಾಗಿತ್ತು. 1938ರಲ್ಲಿ ಪ್ರಿನ್ಸ್‌ಟನ್‌ನಲ್ಲಿ ಪಿಎಚ್‌ಡಿ. 1939ರ ಸೆಪ್ಟೆಂಬರ್ 4ಕ್ಕೆ, ಬ್ರಿಟನ್ ಯುದ್ಧ ಘೋಷಿಸಿದ ಮಾರನೇ ದಿನ, ಬ್ಲೆಚ್ಲಿ ಪಾರ್ಕ್‌ನಲ್ಲಿ ಹಾಜರು. ಜರ್ಮನ್ನರ ಎನಿಗ್ಮಾ ಸಂಕೇತ ಒಡೆಯುವ ಬಾಂಬ್ ಯಂತ್ರದ ವಿನ್ಯಾಸದಲ್ಲಿ ಅವರದು ದೊಡ್ಡ ಪಾಲು. ಇದೆಲ್ಲ ಸಿನಿಮಾದಲ್ಲಿ ನೋಡಿದೀವಿ. ನಮ್ಮ ಜಗಳಕ್ಕೆ ಸಂಬಂಧಪಟ್ಟ ಕತೆ ಶುರುವಾಗೋದು ಯುದ್ಧ ಮುಗಿದ ಮೇಲೆ.

1945ರ ಅಕ್ಟೋಬರ್‌ನಲ್ಲಿ ಟ್ಯೂರಿಂಗ್ ಬ್ರಿಟನ್ನಿನ ನ್ಯಾಷನಲ್ ಫಿಸಿಕಲ್ ಲ್ಯಾಬೊರೇಟರಿ ಸೇರಿದರು. ಕೆಲವೇ ತಿಂಗಳಲ್ಲಿ ಎಸಿಇ ಎಂಬ ಎಲೆಕ್ಟ್ರಾನಿಕ್ ಕಂಪ್ಯೂಟರಿನ ವಿವರವಾದ ವಿನ್ಯಾಸ ಬರೆದು, 1946ರಲ್ಲಿ ಸಂಸ್ಥೆಯ ಮುಂದಿಟ್ಟರು. ಕ್ಲಾಕ್ 1 ಮೆಗಾಹರ್ಟ್ಸ್. ಅಂದಾಜು ವೆಚ್ಚ 11,200 ಪೌಂಡ್.

ಆಗ ಮೆಮೊರಿ ಅಂದರೆ ಪಾದರಸ ತುಂಬಿದ ಕೊಳವೆ. ಬಿಟ್‌ಗಳು ಶಬ್ದದ ಅಲೆಯಾಗಿ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗ್ತವೆ, ಅಲ್ಲಿಂದ ತಂತಿಯಲ್ಲಿ ಮತ್ತೆ ಮೊದಲ ತುದಿಗೆ. ಒಂದು ಕೊಳವೆಯಲ್ಲಿ 1,024 ಬಿಟ್, ಒಂದು ಸುತ್ತಿಗೆ 1,024 ಮೈಕ್ರೋಸೆಕೆಂಡ್. ನಿಮಗೆ ಬೇಕಾದ ಸಂಖ್ಯೆ ಈಗಷ್ಟೇ ಮುಂದೆ ಹೋಗಿಬಿಟ್ಟಿದ್ದರೆ ಪೂರ್ತಿ ಸುತ್ತು ಬರುವವರೆಗೆ ಸುಮ್ಮನೆ ನಿಂತಿರಬೇಕು. ಟಿನ್ ಫ್ಯಾಕ್ಟರಿ ಸ್ಟಾಪಿನಲ್ಲಿ ಕಣ್ಣೆದುರೇ ಬಸ್ ಬಿಟ್ಟುಕೊಂಡವರಿಗೆ ಇದನ್ನ ವಿವರಿಸಬೇಕಾಗಿಲ್ಲ.

ಟ್ಯೂರಿಂಗ್ ಕಂಡುಕೊಂಡ ದಾರಿ ಹೀಗಿತ್ತು. ಸೂಚನೆಗಳನ್ನು ಒಂದರ ಹಿಂದೆ ಒಂದು ಸಾಲಾಗಿ ಇಡೋದು ಬೇಡ. ಪ್ರತಿ ಸೂಚನೆಯೂ ಮುಂದಿನದು ಎಲ್ಲಿದೆ ಅಂತ ತಾನೇ ಹೇಳಲಿ. ಆಗ ಒಂದು ಕೆಲಸ ಮುಗಿಯುವ ಹೊತ್ತಿಗೆ ಸರಿಯಾಗಿ ಮುಂದಿನ ಸೂಚನೆ ಕೊಳವೆಯ ತುದಿಗೆ ಬರುವಂತೆ ಪ್ರೋಗ್ರಾಮರ್ ಜೋಡಿಸಬಹುದು. ಸ್ಟಾಪಿಗೆ ನಾವು ಕಾಲಿಡುವ ಹೊತ್ತಿಗೇ ಬಸ್ ಬಂದ ಹಾಗೆ.

ಇದೇ ಸಮಯದಲ್ಲಿ ಕೇಂಬ್ರಿಜ್‌ನಲ್ಲಿ ಮಾರಿಸ್ ವಿಲ್ಕ್ಸ್ ಇನ್ನೊಂದು ಯಂತ್ರ ಕಟ್ಟುತ್ತಿದ್ದರು, ಹೆಸರು ಎಡ್ಸ್ಯಾಕ್. ಅದರಲ್ಲೂ ಪಾದರಸದ ಕೊಳವೆಯೇ, ಆದರೆ ಕ್ಲಾಕ್ ಅರ್ಧ ಮೆಗಾಹರ್ಟ್ಸ್, ಸೂಚನೆಗಳು ಸಾಲಾಗಿ. 1949ರ ಮೇ 6ರಂದು ಅದು ಮೊದಲ ಪ್ರೋಗ್ರಾಮ್ ಓಡಿಸಿತು. ಟ್ಯೂರಿಂಗ್ ವಿನ್ಯಾಸದ ಚಿಕ್ಕ ರೂಪವಾದ ಪೈಲಟ್ ಎಸಿಇ ಓಡಿದ್ದು ಒಂದು ವರ್ಷದ ಮೇಲೆ, 1950ರ ಮೇ 10ಕ್ಕೆ.

ಈಗ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡೋಣ. ಎಡ್ಸ್ಯಾಕ್‌ನಲ್ಲಿ ಸುಮಾರು 3,000 ವಾಲ್ವ್, ಪೈಲಟ್ ಎಸಿಇಯಲ್ಲಿ ಅದರ ಅರ್ಧಕ್ಕಿಂತ ಕಮ್ಮಿ. ಎಡ್ಸ್ಯಾಕ್‌ನಲ್ಲಿ ಒಂದು ಕೂಡಿಕೆಗೆ ಸುಮಾರು ಒಂದೂವರೆ ಮಿಲಿಸೆಕೆಂಡ್. ಪೈಲಟ್ ಎಸಿಇಯಲ್ಲಿ, ಜೋಡಣೆ ಚೆನ್ನಾಗಿದ್ದರೆ 64 ಮೈಕ್ರೋಸೆಕೆಂಡ್, ಕೆಟ್ಟದಾಗಿದ್ದರೆ 1,024. ಕ್ಲಾಕ್ ಬರೀ ಎರಡು ಪಟ್ಟು. ಆದರೆ ಒಳ್ಳೆಯ ಜೋಡಣೆಯಲ್ಲಿ ವೇಗ ಇಪ್ಪತ್ತು ಪಟ್ಟಿಗಿಂತ ಹೆಚ್ಚು, ಕೆಟ್ಟ ಜೋಡಣೆಯಲ್ಲಿ ಎರಡು ಪಟ್ಟೂ ಇಲ್ಲ. ಅಂದರೆ ಈ ವ್ಯತ್ಯಾಸ ಹೆಚ್ಚಾಗಿ ಕ್ಲಾಕಿನಿಂದ ಬಂದದ್ದಲ್ಲ, ಕಾಯುವುದನ್ನು ತಪ್ಪಿಸಿದ್ದರಿಂದ ಬಂದದ್ದು.

ಹಾಗಾದರೆ ಗೆದ್ದವರು ಟ್ಯೂರಿಂಗ್ ಅಂತ ಇಲ್ಲಿಗೇ ತೀರ್ಪು ಕೊಡೋದು ನ್ಯಾಯ ಅಲ್ಲ. ಪೈಲಟ್ ಎಸಿಇಗೆ ಪ್ರೋಗ್ರಾಮ್ ಬರೆಯೋದು ತಲೆನೋವಿನ ಕೆಲಸ, ಪ್ರತಿ ಸೂಚನೆಯ ಸಮಯವನ್ನೂ ಲೆಕ್ಕ ಹಾಕಬೇಕು. ಎಡ್ಸ್ಯಾಕ್ ನಿಧಾನ, ಆದರೆ ಒಂದು ವರ್ಷ ಮೊದಲೇ ಬಂತು, ಬರೆಯೋದು ಸುಲಭ, ಸಬ್‌ರೂಟೀನ್‌ಗಳ ಗ್ರಂಥಾಲಯವೂ ಇತ್ತು. ವಿಲ್ಕ್ಸ್ ಉಳಿಸಿದ್ದು ಮನುಷ್ಯರ ಸಮಯ, ಟ್ಯೂರಿಂಗ್ ಉಳಿಸಿದ್ದು ಯಂತ್ರದ ಸಮಯ. ಯಾವ ಕೆಲಸಕ್ಕೆ, ಯಾರ ಸಮಯ ಅಂತ ಕೇಳದೆ ಮಾಡಿದ ಹೋಲಿಕೆಗೆ ಅರ್ಥವಿಲ್ಲ.

ದುಃಖದ ವಿಷಯ ಅಂದರೆ ಪೈಲಟ್ ಎಸಿಇ ಓಡಿದ ದಿನ ಟ್ಯೂರಿಂಗ್ ಆ ಸಂಸ್ಥೆಯಲ್ಲೇ ಇರಲಿಲ್ಲ. ವಿನ್ಯಾಸ ಕೊಟ್ಟು ಒಂದೂವರೆ ವರ್ಷ ಕಳೆದರೂ ಯಂತ್ರ ಮೇಲೇಳಲಿಲ್ಲ. ಸಾವಿರಾರು ವಾಲ್ವ್‌ಗಳ ಯಂತ್ರ ನಂಬಿಕೆಯಿಂದ ಓಡುತ್ತೆ ಅನ್ನೋದಕ್ಕೆ ಬ್ಲೆಚ್ಲಿಯ ಕೊಲೊಸಸ್ ಸಾಕ್ಷಿಯಾಗಿತ್ತು, ಆದರೆ ಅದು ಯುದ್ಧದ ಗುಟ್ಟು, ಬಾಯಿ ಬಿಡುವಂತಿರಲಿಲ್ಲ. 1947ರಲ್ಲಿ ಬೇಸತ್ತು ಕೇಂಬ್ರಿಜ್‌ಗೆ ಹೋದರು, 1948ರಲ್ಲಿ ಮ್ಯಾಂಚೆಸ್ಟರ್‌ಗೆ. ಯಂತ್ರ ಮುಗಿಸಿದ್ದು ಜಿಮ್ ವಿಲ್ಕಿನ್ಸನ್ ಮತ್ತು ಜೊತೆಗಾರರು. ಆ ವರ್ಷಗಳಲ್ಲಿ ಟ್ಯೂರಿಂಗ್ ಓಟಕ್ಕೆ ಬಿದ್ದಿದ್ದರು. 1947ರಲ್ಲಿ ಮ್ಯಾರಥಾನ್ ಮುಗಿಸಿದ್ದು 2 ಗಂಟೆ 46 ನಿಮಿಷದಲ್ಲಿ. ಮಾರನೇ ವರ್ಷದ ಒಲಿಂಪಿಕ್ಸ್ ವಿಜೇತರಿಗಿಂತ ಬರೀ 11 ನಿಮಿಷ ಹೆಚ್ಚು!

1952ರಲ್ಲಿ, ಇನ್ನೊಬ್ಬ ಗಂಡಸಿನ ಜೊತೆ ಸಂಬಂಧ ಇಟ್ಟುಕೊಂಡಿದ್ದಕ್ಕೆ, ಟ್ಯೂರಿಂಗ್ ಮೇಲೆ ಕೇಸು ಬಿತ್ತು. ಜೈಲು ಬೇಡವಾದರೆ ಹಾರ್ಮೋನ್ ಚಿಕಿತ್ಸೆ ಅಂದರು. ಅದನ್ನೇ ಒಪ್ಪಿ ಒಂದು ವರ್ಷ ಅನುಭವಿಸಿದರು. 1954ರ ಜೂನ್ 7ರಂದು ಸಯನೈಡ್ ವಿಷದಿಂದ ಸಾವು. ವಯಸ್ಸು 41. ಬ್ರಿಟನ್ನಿನ ಪ್ರಧಾನಿ ಕ್ಷಮೆ ಕೇಳಿದ್ದು 2009ರಲ್ಲಿ, ರಾಣಿಯ ಕ್ಷಮಾದಾನ ಬಂದದ್ದು 2013ರಲ್ಲಿ.

ಇದನ್ನ ಅವರ ದೇಶದ ಕತೆ ಅಂತ ಪಕ್ಕಕ್ಕಿಡೋ ಹಾಗಿಲ್ಲ. ಬ್ರಿಟಿಷರು 1860ರ ದಂಡ ಸಂಹಿತೆಯಲ್ಲಿ ನಮಗೂ 377ನೇ ಕಲಮು ಕೊಟ್ಟು ಹೋಗಿದ್ದರು. ಟ್ಯೂರಿಂಗ್ ಅಪ್ಪ ಬಳ್ಳಾರಿಯಲ್ಲಿದ್ದಾಗ ಜಾರಿಯಲ್ಲಿದ್ದದ್ದೂ ಅದೇ. ವಯಸ್ಕರ ಒಪ್ಪಿತ ಸಂಬಂಧ ಅಪರಾಧವಲ್ಲ ಅಂತ ನಮ್ಮ ಸುಪ್ರೀಂ ಕೋರ್ಟ್ ಹೇಳಿದ್ದು 2018ರ ಸೆಪ್ಟೆಂಬರ್ 6ರಂದು. ನಮ್ಮ ಕ್ಯಾಂಪಸ್ಸಿನ ಎಷ್ಟೋ ಜನ ಆಗ ಶಾಲೆಯಲ್ಲಿದ್ದರು. ತಮ್ಮ ಬಗ್ಗೆ ಹೇಳಿಕೊಳ್ಳಲಾಗದೆ ಸುಮ್ಮನಿರುವವರು ನಮ್ಮ ಬೆಂಚಿನಲ್ಲೂ ಇರಬಹುದು. ಜೋಕ್ ಮಾಡುವ ಮುಂಚೆ ಟ್ಯೂರಿಂಗ್ ನೆನಪಾಗಲಿ.

ಇನ್ನು ಪ್ರೊಸೆಸರ್ ಜಗಳಕ್ಕೆ ನಮ್ಮ ಸಲಹೆ: ಮಾತು ಬಿಟ್ಟು ಅಳೆಯಿರಿ. ಸಿ ಭಾಷೆಯಲ್ಲಿ ದೊಡ್ಡ ಮ್ಯಾಟ್ರಿಕ್ಸ್ ಒಂದನ್ನ ಮೊದಲು ಅಡ್ಡಸಾಲಿನಂತೆ, ಆಮೇಲೆ ಕಂಬಸಾಲಿನಂತೆ ಕೂಡಿಸಿ, ಸಮಯ ಬರೆದುಕೊಳ್ಳಿ. ಅದೇ ಪ್ರೊಸೆಸರ್, ಅದೇ ಕ್ಲಾಕ್, ಅಷ್ಟೇ ಕೂಡಿಕೆ, ಆದರೂ ಎರಡನೆಯದು ನಿಧಾನ. ಡೇಟಾ ಮೆಮೊರಿಯಲ್ಲಿ ಅಡ್ಡಸಾಲಾಗಿ ಕೂತಿರುತ್ತೆ, ಕಂಬಸಾಲಿನಲ್ಲಿ ಹೋದರೆ ಮತ್ತೆ ಮತ್ತೆ ಕಾಯಬೇಕು. ಪಾದರಸದ ಕೊಳವೆ ಹೋಯ್ತು, ಕಾಯೋದು ಹೋಗಿಲ್ಲ. ಲ್ಯಾಬಿನ ಎರಡು ಬೇರೆ ಬೇರೆ ಕಂಪ್ಯೂಟರ್‌ಗಳಲ್ಲಿ ಓಡಿಸಿ ಸಿಕ್ಕ ಅಂಕಿಗಳನ್ನು ನಮಗೆ ಕೊಡಿ, ಮುಂದಿನ ಸಂಚಿಕೆಯಲ್ಲಿ ಹಾಕೋಣ.

ಅಂದಹಾಗೆ, ಆ ಗೆಳೆಯ ಇನ್ನೂ ಯಾವುದನ್ನೂ ಕೊಂಡಿಲ್ಲ. ಅವನು ಕಾಯ್ತಾ ಇರೋದು ದುಡ್ಡಿಗೆ.