ಗ್ರಹವನ್ನು ಕಂಡ ಸಂಗೀತಗಾರ ವಿಲಿಯಂ ಹರ್ಷೆಲ್

ಕೆಲವು ವರ್ಷಗಳ ಹಿಂದೆ ಶಾಲಾ ಪ್ರವಾಸಕ್ಕೆಂದು ಗೋವೆಗೆ ಹೋಗಿದ್ದೆವು. ಪಣಜಿಯ ಜುಂತಾ ಹೌಸಿನ ತಾರಸಿಯಲ್ಲಿದ್ದ ಸಾರ್ವಜನಿಕ ವೀಕ್ಷಣಾಲಯದಲ್ಲಿ ಮಕ್ಕಳು ಗುರುಗ್ರಹವನ್ನು ನೋಡಿದರು. ಅಷ್ಟು ದೂರದ ಗ್ರಹದ ಚಳಿಯನ್ನು ಇಲ್ಲಿ ಕುಳಿತೇ ಅಳೆಯುವುದು ಹೇಗೆಂದು ಹುಡುಗಿಯೊಬ್ಬಳು ಕೇಳಿದಳು. ನಾವು ಅಂದು ಕೊಟ್ಟ ಉತ್ತರ ಅರೆಬರೆ. ಪೂರ್ತಿ ಹೇಳುವುದಾದರೆ ವಿಲಿಯಂ ಹರ್ಷೆಲನಿಂದ ತೊಡಗಬೇಕು.

ಹರ್ಷೆಲ್ ಹುಟ್ಟಿದ್ದು 1738ರಲ್ಲಿ, ಜರ್ಮನಿಯ ಹ್ಯಾನೋವರಿನಲ್ಲಿ. ತಂದೆ ಸೈನ್ಯದ ವಾದ್ಯಮೇಳದವನು. 1757ರಲ್ಲಿ, ಯುದ್ಧದ ಕಾಲದಲ್ಲಿ, ಇಂಗ್ಲೆಂಡಿಗೆ ಬಂದ ತರುಣ ಸಂಗೀತ ಪಾಠ ಹೇಳಿ ಹೊಟ್ಟೆ ಹೊರೆದ. ಪರಭಾಷೆಯ ನಡುವೆ ಬಾಳುವುದೆಂದರೇನೆಂದು ನಮ್ಮ ಓದುಗರಿಗೆ ವಿವರಿಸಬೇಕಾಗಿಲ್ಲ. ಬಾತ್ ನಗರದ ಇಗರ್ಜಿಯೊಂದರಲ್ಲಿ ಆರ್ಗನ್ ವಾದಕನಾದ. ನಕ್ಷತ್ರಗಳ ಹುಚ್ಚು ಹಿಡಿದದ್ದು ಮೂವತ್ತು ದಾಟಿದ ಮೇಲೆ. ದೊಡ್ಡ ದೂರದರ್ಶಕ ಕೊಳ್ಳಲು ಹಣ ಸಾಲದೆ ಲೋಹದ ಕನ್ನಡಿಗಳನ್ನು ತಾನೇ ಎರಕ ಹೊಯ್ದು ಉಜ್ಜಿದ. ಅಚ್ಚಿಗೆ ಕುದುರೆ ಲದ್ದಿ! ಒಮ್ಮೆ ಕಾದ ಲೋಹ ಸೋರಿ ನೆಲದ ಹಾಸುಗಲ್ಲುಗಳು ಸಿಡಿದವು. ಎಲ್ಲರೂ ಓಡಿ ಬದುಕಿದರು. ಕೈಬಿಡದೆ ಗಂಟೆಗಟ್ಟಲೆ ಉಜ್ಜುತ್ತಿದ್ದ ಅಣ್ಣನ ಬಾಯಿಗೆ ತಂಗಿ ಕ್ಯಾರೊಲಿನ್ ತುತ್ತಿಡುತ್ತಿದ್ದಳು. ಒಳ್ಳೆಯ ಹಾಡುಗಾರ್ತಿಯಾಗಬಹುದಾಗಿದ್ದವಳು ಆಕೆ. ಮುಂದೆ ತಾನೇ ಎಂಟು ಧೂಮಕೇತುಗಳನ್ನು ಕಂಡಳು. ಆಕೆಯ ಪಾಲನ್ನು ಒಂದೇ ಸಾಲಿನಲ್ಲಿ ಮುಗಿಸುವುದು ನಮಗೆ ಸರಿ ಕಾಣುವುದಿಲ್ಲ.

1781ರ ಮಾರ್ಚ್ 13ರ ರಾತ್ರಿ ಮನೆಯ ಹಿತ್ತಿಲಿನಿಂದ ಹರ್ಷೆಲ್ ಯುರೇನಸ್ಸನ್ನು ಕಂಡ. ಮೊದಲು ಧೂಮಕೇತುವೆಂದೇ ಬಗೆದ. ಮರುವರ್ಷ ದೊರೆ ಮೂರನೆಯ ಜಾರ್ಜ್ ವರ್ಷಾಶನ ಕೊಟ್ಟ. ಸಂಗೀತ ಪಾಠ ನಿಂತಿತು.

1800ರಲ್ಲಿ ಬಿಸಿಲನ್ನು ಗಾಜಿನ ಅಶ್ರಗದಲ್ಲಿ ಬಣ್ಣಗಳಾಗಿ ಒಡೆದು, ಒಂದೊಂದರ ಕಾವನ್ನು ಉಷ್ಣಮಾಪಕದಿಂದ ಅಳೆದ. ಕೆಂಪಿನಾಚೆ, ಬೆಳಕೇ ಕಾಣದ ಜಾಗದಲ್ಲಿ, ಪಾದರಸ ಇನ್ನೂ ಮೇಲೇರಿತು. ಆ ಕಾಣದ ಕಿರಣಗಳೇ ಅವಗೆಂಪು. ಗ್ರಹಗಳ ಕಾವನ್ನು ದೂರದಿಂದ ಅಳೆಯುವುದು ಇವುಗಳಿಂದಲೇ. 1960ರ ದಶಕದಲ್ಲಿ ಹೀಗೆ ಅಳೆದಾಗ, ಗುರು ಸೂರ್ಯನಿಂದ ಹೀರುವುದಕ್ಕಿಂತ ಹೆಚ್ಚು ಶಾಖ ಹೊರಸೂಸುವುದು ತಿಳಿಯಿತು. ಈಗಿನ ಲೆಕ್ಕದಲ್ಲಿ ಸುಮಾರು ಎರಡು ಪಟ್ಟು. ಮೋಡಗಳ ಮಟ್ಟದಲ್ಲಿ ಸೊನ್ನೆಗಿಂತ 100 ಡಿಗ್ರಿಗೂ ಕೆಳಗಿನ ಚಳಿ, ಗರ್ಭದಲ್ಲಿ ಸಾವಿರಾರು ಡಿಗ್ರಿ ಕಾವು. ಹುಟ್ಟುವಾಗ ಕುಗ್ಗಿ ಕಾದ ಒಡಲು ಇನ್ನೂ ಆರಿಲ್ಲ. ಶನಿಯೊಳಗೆ ಹೀಲಿಯಂ ಹನಿಗಳು ಮಳೆಯಂತೆ ಕೆಳಗಿಳಿಯುವುದರಿಂದಲೂ ಶಾಖ ಹುಟ್ಟುತ್ತದೆಂದು ವಿಜ್ಞಾನಿಗಳ ಎಣಿಕೆ. ಆ ಹೀಲಿಯಮಿನ ಹಳದಿ ಗೆರೆ ಕಂಡದ್ದು ನಮ್ಮ ದೇಶದಲ್ಲೇ, 1868ರ ಆಗಸ್ಟ್ 18ರ ಸೂರ್ಯಗ್ರಹಣದಲ್ಲಿ. ಅಂದು ಕನ್ನಡ ನಾಡಿನ ಜಮಖಂಡಿಯಿಂದ ಗ್ರಹಣ ವೀಕ್ಷಿಸಿದವನು ಹರ್ಷೆಲನ ಮೊಮ್ಮಗ ಜಾನ್.

ಸೂರ್ಯನ ಒಡಲು ತಣ್ಣಗಿದೆ, ಅಲ್ಲಿ ಜೀವಿಗಳೂ ಇವೆ ಎಂದು ನಂಬಿದ್ದ ಹರ್ಷೆಲ್ 1822ರಲ್ಲಿ ತೀರಿಕೊಂಡ. ಆತ ಕಂಡ ಗ್ರಹವನ್ನು ವಾಯೇಜರ್-2 ನೌಕೆ 1986ರಲ್ಲಿ ಅವಗೆಂಪಿನಲ್ಲಿ ಅಳೆದಾಗ, ಒಳಶಾಖ ಇಲ್ಲವೆನ್ನುವಷ್ಟು ಕಡಿಮೆ ಕಂಡಿತು. 2025ರ ಲೆಕ್ಕಗಳ ಪ್ರಕಾರ ಸ್ವಲ್ಪ ಇದೆ. ಹೊರಸೂಸುವುದು ಹೀರುವುದಕ್ಕಿಂತ ನೂರಕ್ಕೆ 12ರಿಂದ 15ರಷ್ಟು ಹೆಚ್ಚು. ಗುರು, ಶನಿ, ನೆಪ್ಚೂನ್‌ಗಳ ನಡುವೆ ಇದೊಂದೇ ಏಕೆ ಇಷ್ಟು ತಣ್ಣಗಿದೆಯೆಂಬುದು ಇನ್ನೂ ಬಗೆಹರಿದಿಲ್ಲ.