ಡೆಪ್ಯುಟಿ ಚನ್ನಬಸಪ್ಪ: ಮನೆಮಾತು, ಶಾಲೆ ಮತ್ತು ಕಥೆ

1818ರಲ್ಲಿ ಪೇಶ್ವೆಯರ ಆಳ್ವಿಕೆ ಕೊನೆಗೊಂಡು ಮುಂಬಯಿ ಆಧಿಪತ್ಯ ಬಂದ ಮೇಲೂ ಬೆಳಗಾವಿ, ಧಾರವಾಡ ಪ್ರದೇಶಗಳ ಕಚೇರಿ ಹಾಗೂ ಶಾಲೆಗಳಲ್ಲಿ ಮರಾಠಿಯ ಪ್ರಾಬಲ್ಯ ಮುಂದುವರಿಯಿತು. ಕನ್ನಡ ಮನೆಯ ಮಗು ತಾನಾಡದ ಭಾಷೆಯಲ್ಲಿ ಅಕ್ಷರ ಕಲಿಯಬೇಕಾಯಿತು. ಈ ಸ್ಥಿತಿಯನ್ನು ಬದಲಿಸಲು ಅಧಿಕಾರದೊಳಗಿದ್ದೇ ಶ್ರಮಿಸಿದವರಲ್ಲಿ ಚನ್ನಬಸಪ್ಪನವರು ಪ್ರಮುಖರು.

1834ರಲ್ಲಿ ಧಾರವಾಡದಲ್ಲಿ ಜನಿಸಿದ ಅವರು ಪುಣೆಯಲ್ಲಿ ವ್ಯಾಸಂಗ ಮಾಡಿ, ಧಾರವಾಡದ ನಾರ್ಮಲ್ ಶಾಲೆಯ ಮುಖ್ಯಾಧ್ಯಾಪಕರಾದರು. 1861ರಲ್ಲಿ ಬೆಳಗಾವಿ ಜಿಲ್ಲೆಯ ಶಿಕ್ಷಣಾಧಿಕಾರಿಯಾಗಿ ಬಂದ ಮೇಲೆ ಡೆಪ್ಯುಟಿ ಎಂಬ ಹುದ್ದೆಯ ಹೆಸರೇ ಅವರಿಗೆ ಅಂಕಿತವಾಯಿತು. ಕನ್ನಡ ಮಕ್ಕಳಿರುವಲ್ಲಿ ಕನ್ನಡ ಶಾಲೆ ತೆರೆಯುವುದನ್ನು ಅವರು ತಮ್ಮ ಕರ್ತವ್ಯದ ತಿರುಳಾಗಿಸಿಕೊಂಡರು.

ಬೆಳಗಾವಿ ನಗರ, ಖಾನಾಪುರದಂತಹ ದ್ವಿಭಾಷಾ ನೆಲದಲ್ಲಿ ಈ ಕಾರ್ಯದ ಮಹತ್ವ ಸ್ಪಷ್ಟವಾಗುತ್ತದೆ. ಕೇಳಿದ ಕಥೆಯನ್ನು ಮಗು ತನ್ನ ಮಾತಿನಲ್ಲಿ ಮರಳಿ ಹೇಳಬೇಕಾದರೆ ಪುಸ್ತಕದ ನುಡಿ ಅದರ ಕಿವಿಗೆ ಪರಿಚಿತವಾಗಿರಬೇಕು. ಅರ್ಥವಾಗದ ಪಾಠ ಕಂಠಪಾಠವಾದೀತೇ ಹೊರತು ಮಾತನ್ನು ಬೆಳೆಸದು.

ಶಾಲೆಗೆ ಶಿಕ್ಷಕರೂ ಓದುವ ಸಾಮಗ್ರಿಯೂ ಬೇಕು. 1865ರಲ್ಲಿ ಆರಂಭವಾದ ಮಠಪತ್ರಿಕೆ ಶಿಕ್ಷಕರಿಗೆ ಕನ್ನಡದಲ್ಲಿ ನೆರವಾಯಿತು. 1871ರಲ್ಲಿ ಚನ್ನಬಸಪ್ಪನವರು ಶೇಕ್ಸ್‌ಪಿಯರನ ಕಾಮಿಡಿ ಆಫ್ ಎರರ್ಸ್ ನಾಟಕವನ್ನು 'ನಗದವರನ್ನು ನಗಿಸುವ ಕಥೆ'ಯಾಗಿ ಕನ್ನಡಿಸಿದರು. ಅದು ಮಕ್ಕಳಿಗೆಂದೇ ರಚಿತವಾದುದಲ್ಲ. ಆದರೂ ಹೊರಗಿನ ವಸ್ತುವನ್ನು ಕಥೆಯೆಂಬ ಪರಿಚಿತ ಹೆಸರಿನಿಂದ ಓದುಗರ ಬಳಿಗೆ ತಂದ ಅದರ ಕ್ರಮ ಗಮನಾರ್ಹ.

1881ರಲ್ಲಿ, ಐವತ್ತು ತುಂಬುವ ಮೊದಲೇ, ಅವರು ನಿಧನರಾದರು. ಅವರನ್ನು ಕನ್ನಡ ಜಾಗೃತಿಯ ಮುಂಗೋಳಿಯಾಗಿ ಮಾತ್ರ ಸ್ಮರಿಸುವುದು ವಾಡಿಕೆ. ಆದರೆ ಮುಂದೆ ಈ ಭಾಗದಲ್ಲಿ ಬೆಳೆದ ಕನ್ನಡ ಶಿಶುಸಾಹಿತ್ಯಕ್ಕೆ ಓದುಗರನ್ನು ಒದಗಿಸಿದ್ದು ಇಂತಹ ಶಾಲೆಗಳೇ ಎಂಬುದನ್ನು ಮರೆಯಲಾಗದು.