ಇಂದ್ರರಾಜ: ಕುದುರೆಯ ಬೆನ್ನಿಂದ ಸಲ್ಲೇಖನದವರೆಗೆ

ಶ್ರವಣಬೆಳಗೊಳಕ್ಕೆ ಹೋದ ನಾವೆಲ್ಲ ದೊಡ್ಡಬೆಟ್ಟ ಹತ್ತಿ ಗೊಮ್ಮಟೇಶ್ವರ ಸ್ವಾಮಿಯ ದರ್ಶನ ಮಾಡಿ ಬರುತ್ತೇವೆ. ಚಿಕ್ಕಬೆಟ್ಟ ಹತ್ತುವವರು ಕಡಿಮೆ. ಅಲ್ಲಿ ಗಂಧವಾರಣ ಬಸದಿಯ ಬಳಿ ಒಂದು ಶಾಸನ ಕಂಬವಿದೆ. ರಾಷ್ಟ್ರಕೂಟರ ಕೊನೆಯ ಅರಸುಕುವರ ನಾಲ್ಕನೆಯ ಇಂದ್ರನ ನೆನಪಿಗೆ ನಿಲ್ಲಿಸಿದ ಕಂಬ ಅದು. ನಾಡಿನ ದೊಡ್ಡ ಕುದುರೆ ಸವಾರನೊಬ್ಬನ ಚರಿತ್ರೆ ಅದರಲ್ಲಿ ಅಡಗಿದೆ.

ಇಂದ್ರರಾಜ ಎರಡು ದೊಡ್ಡ ಮನೆತನಗಳ ಕುಡಿ. ತಂದೆಯ ಕಡೆಯಿಂದ ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನ ಮೊಮ್ಮಗ, ತಾಯಿಯ ಕಡೆಯಿಂದ ಗಂಗರ ಇಮ್ಮಡಿ ಬೂತುಗನ ಮೊಮ್ಮಗ. ಬೂತುಗನ ಹೆಸರು ಮಂಡ್ಯ ಜಿಲ್ಲೆಯವರಿಗೆ ಹೊಸದಲ್ಲ. ಮದ್ದೂರು ತಾಲ್ಲೂಕಿನ ಆತಕೂರಿನ ಪ್ರಸಿದ್ಧ ಶಾಸನ ಅವನ ಕಾಲದ್ದು. ತಕ್ಕೋಲದ ಯುದ್ಧದಲ್ಲಿ ಶೌರ್ಯ ತೋರಿದ ಮಣಲೆರನು ಬಹುಮಾನವಾಗಿ ಕಾಳಿ ಎಂಬ ಬೇಟೆನಾಯಿಯನ್ನು ಪಡೆದ. ಆ ನಾಯಿ ದೊಡ್ಡ ಹಂದಿಯೊಡನೆ ಹೋರಾಡಿ, ಎರಡೂ ಸತ್ತವು. ನಾಯಿಗಾಗಿ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟು, ನಿತ್ಯಪೂಜೆಗೆ ಏರ್ಪಾಡು ಮಾಡಿದರು. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಬೇಟೆ ನಮಗೆ ಒಪ್ಪುವ ಕೆಲಸವಲ್ಲ. ಆದರೂ ತಮಗಾಗಿ ದುಡಿದು ಸತ್ತ ಮೂಕಪ್ರಾಣಿಯ ಋಣವನ್ನು ಆ ಕಾಲದವರು ಮರೆಯಲಿಲ್ಲ ಎಂಬುದನ್ನು ಗಮನಿಸಬೇಕು.

ಇಂದ್ರರಾಜನಿಗೆ ರಟ್ಟಕಂದರ್ಪ, ರಾಜಮಾರ್ತಂಡ, ಚಲದಂಕಕಾರ, ಕೀರ್ತಿನಾರಾಯಣ ಮುಂತಾದ ಬಿರುದುಗಳಿದ್ದವು. ಆದರೆ ಶಾಸನ ಬರೆದ ಕವಿಯ ಮನಸ್ಸು ಹೆಚ್ಚು ನಿಂತಿರುವುದು ಅವನ ಚೆಂಡಾಟದ ಮೇಲೆ. ಕುದುರೆಯ ಮೇಲೆ ಕೂತು ಕೋಲಿನಿಂದ ಚೆಂಡು ಹೊಡೆಯುವ ಆಟ ಅದು, ಇಂದಿನ ಪೋಲೋ ಇದ್ದ ಹಾಗೆ. ಒಳಗೆ, ಹೊರಗೆ, ಎಡಕ್ಕೆ, ಬಲಕ್ಕೆ ಸುತ್ತುವ ಬಗೆಗಳನ್ನೂ, ಸುಲಭವಾದ ಸುತ್ತಿನಿಂದ ಅತಿ ಕಷ್ಟವಾದ ಸುತ್ತಿನವರೆಗಿನ ಭೇದಗಳನ್ನೂ ಕವಿ ಎಣಿಸುತ್ತಾನೆ. ಚೆಂಡು ಮೆಣಸಿನ ಕಾಳಿಗಿಂತ ಚಿಕ್ಕದಾಗಲಿ, ಕುದುರೆ ಬೆಟ್ಟಕ್ಕಿಂತ ದೊಡ್ಡದಾಗಲಿ, ಇಂದ್ರರಾಜ ಹಲವು ಸುತ್ತು ಹಾಕದೆ ಬಿಡುವವನಲ್ಲ ಎಂಬ ಅರ್ಥದ ಹೊಗಳಿಕೆಯೂ ಉಂಟು. ಕವಿಯ ಉತ್ಪ್ರೇಕ್ಷೆ ಕಳೆದರೂ ಅವನು ಅಸಾಮಾನ್ಯ ಸವಾರ ಎಂಬುದು ಉಳಿಯುತ್ತದೆ.

ಇಂಥ ಆಟ ಸವಾರನ ಕೈಚಳಕ ಒಂದರಿಂದಲೇ ಆಗುವುದಿಲ್ಲ. ಓಡುವ ಕುದುರೆಯನ್ನು ಗಕ್ಕನೆ ನಿಲ್ಲಿಸಿ ತಿರುಗಿಸಿದರೆ ಅದರ ಕಾಲಿನ ನರ, ಕೀಲು, ಗೊರಸುಗಳ ಮೇಲೆ ಭಾರ ಬೀಳುತ್ತದೆ. ಆದ್ದರಿಂದಲೇ ಇಂದಿನ ಪೋಲೋದಲ್ಲಿ ಏಳು ನಿಮಿಷದ ಒಂದೊಂದು ಸರದಿಗೂ ಕುದುರೆ ಬದಲಿಸುತ್ತಾರೆ. ಆಟ ಮುಗಿದ ಮೇಲೆ ಬೆವರಿದ ಕುದುರೆಯನ್ನು ಹಾಗೆಯೇ ಕಟ್ಟಬಾರದು. ಉಸಿರು ಹದಕ್ಕೆ ಬರುವ ತನಕ ನಿಧಾನವಾಗಿ ನಡೆಸಬೇಕು, ನೀರನ್ನು ಸ್ವಲ್ಪ ಸ್ವಲ್ಪವಾಗಿ ಕುಡಿಸಬೇಕು. ಕುದುರೆಯ ಹೊಟ್ಟೆ ಅದರ ಮೈಗೆ ಹೋಲಿಸಿದರೆ ಚಿಕ್ಕದು. ತಿಂದದ್ದು ಒಗ್ಗದಿದ್ದರೆ ವಾಂತಿ ಮಾಡಲೂ ಅದಕ್ಕೆ ಬರುವುದಿಲ್ಲ. ಒಮ್ಮೆಲೇ ಹೆಚ್ಚು ಕಾಳು ಹಾಕಿದರೆ ಹೊಟ್ಟೆಶೂಲೆ ಬಂದು ಪ್ರಾಣವೇ ಹೋಗಬಹುದು. ನಾನು ಹುರುಳಿ, ಬೂಸ ವ್ಯಾಪಾರ ಮಾಡುವವನು. ಹುರುಳಿ ಕುದುರೆಗೆ ಬಲ ಕೊಡುತ್ತದೆ, ನಿಜ. ಆದರೆ ನೆನೆಸಿ ಅಥವಾ ಬೇಯಿಸಿ, ಅಳತೆಯಲ್ಲಿ ಕೊಡಬೇಕು. ಹೊಟ್ಟೆ ತುಂಬಬೇಕಾದದ್ದು ಹುಲ್ಲಿನಿಂದ. ಲಾಯದ ನೆಲ ಒಣಗಿರಬೇಕು, ಗೊರಸನ್ನು ದಿನವೂ ಎತ್ತಿ ನೋಡಬೇಕು. ಇಂದ್ರರಾಜನ ಕೀರ್ತಿಯ ಹಿಂದೆ ಇಷ್ಟೆಲ್ಲ ಮಾಡುವ ಲಾಯದ ಕೈಗಳು ಇದ್ದೇ ಇರಬೇಕು.

ನಮ್ಮ ನಾಡಿನಲ್ಲಿ ಪ್ರಾಣಿಗಳ ಆರೈಕೆ ಒಂದು ವಿದ್ಯೆಯಾಗಿಯೇ ಬೆಳೆಯಿತು. ಜೈನನಾದ ಚಾಲುಕ್ಯ ರಾಜಕುಮಾರ ಕೀರ್ತಿವರ್ಮ ದನಗಳ ಚಿಕಿತ್ಸೆಗಾಗಿ ಗೋವೈದ್ಯ ಬರೆದ. ಮೈಸೂರಿನ ಚಾಮರಾಜ ಒಡೆಯರ ಕಾಲದಲ್ಲಿ, 1627ರಲ್ಲಿ, ಪದ್ಮಣ ಪಂಡಿತ ಕುದುರೆಗಳ ಬಗ್ಗೆ ಹಯಸಾರ ಸಮುಚ್ಚಯ ಎಂಬ ಗ್ರಂಥ ರಚಿಸಿದ.

ಇಂದ್ರರಾಜನಿಗೆ ರಾಜ್ಯ ಒಲಿಯಲಿಲ್ಲ. 972ರಲ್ಲಿ ಪರಮಾರರ ಸೀಯಕ ಮಾನ್ಯಖೇಟವನ್ನು ಸೂರೆ ಮಾಡಿದ. ಮರುವರ್ಷವೇ ಚಾಲುಕ್ಯ ತೈಲಪ ರಾಷ್ಟ್ರಕೂಟ ಕರ್ಕನನ್ನು ಸೋಲಿಸಿ ರಾಜ್ಯ ಕಸಿದುಕೊಂಡ. ಇಂದ್ರನ ಸೋದರಮಾವ ಗಂಗ ಮಾರಸಿಂಹ ಸುಮ್ಮನಿರಲಿಲ್ಲ, ಅಳಿಯನಿಗೆ ಪಟ್ಟ ಕಟ್ಟಿದ. ಅದು ಉಳಿಯಲಿಲ್ಲ. ಮಾರಸಿಂಹ ರಾಜ್ಯ ತ್ಯಜಿಸಿ, ಬಂಕಾಪುರದಲ್ಲಿ ಅಜಿತಸೇನ ಭಟ್ಟಾರಕರ ಸನ್ನಿಧಿಯಲ್ಲಿ ಸಲ್ಲೇಖನ ವ್ರತದಿಂದ ದೇಹ ಬಿಟ್ಟ.

ಆಸರೆಯಾಗಿದ್ದ ಮಾವನೂ ಹೋದ ಮೇಲೆ ಇಂದ್ರರಾಜ ಕೊನೆಗೆ ಬಂದದ್ದು ಬೆಳಗೊಳಕ್ಕೆ. ಚಾವುಂಡರಾಯ ಗೊಮ್ಮಟ ಮೂರ್ತಿಯನ್ನು ಪ್ರತಿಷ್ಠಾಪಿಸಿದ್ದು 981ರಲ್ಲಿ ಎನ್ನುತ್ತಾರೆ. ಅದರ ಮರುವರ್ಷ, ಶಕ 904ರ ಚಿತ್ರಭಾನು ಸಂವತ್ಸರದ ಚೈತ್ರ ಬಹುಳ ಅಷ್ಟಮಿ ಸೋಮವಾರ, ಅಂದರೆ 982ರ ಮಾರ್ಚ್ 20ರಂದು, ಇಂದ್ರರಾಜ ಸಲ್ಲೇಖನದಿಂದ ದೇಹ ತ್ಯಜಿಸಿದ. ಕುದುರೆಯನ್ನು ಹಿಡಿತದಲ್ಲಿಟ್ಟವನು ಕೊನೆಗೆ ತನ್ನ ಇಂದ್ರಿಯಗಳನ್ನೇ ಹಿಡಿತಕ್ಕೆ ತಂದ. ಅವನೊಂದಿಗೆ ರಾಷ್ಟ್ರಕೂಟರ ಆಸೆಯೂ ಮುಗಿಯಿತು.

ಮಂಡ್ಯ, ಮದ್ದೂರು, ಮಳವಳ್ಳಿಯ ಮದುವೆ ದಿಬ್ಬಣಗಳಲ್ಲಿ ಇಂದಿಗೂ ಕುದುರೆ ಬರುತ್ತದೆ. ನಮ್ಮ ಧಾರ್ಮಿಕ ಮೆರವಣಿಗೆಗಳಿಗೂ ಬಾಡಿಗೆಗೆ ತರುತ್ತೇವೆ. ತತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಹಿಂಸಾಣುವ್ರತದ ಐದು ಅತಿಚಾರಗಳನ್ನು ಹೇಳಿದೆ: ಕಟ್ಟಿಹಾಕುವುದು, ಹೊಡೆಯುವುದು, ಅಂಗ ಛೇದಿಸುವುದು, ಹೆಚ್ಚು ಭಾರ ಹೇರುವುದು, ಅನ್ನ ನೀರು ತಡೆಯುವುದು. ಐದೂ ನಮ್ಮ ಕೈಕೆಳಗಿನ ಪ್ರಾಣಿಗಳಿಗೆ ಹಾಗೆಯೇ ಅನ್ವಯಿಸುತ್ತವೆ. ದುಡಿಯುವ ಪ್ರಾಣಿಗಳ ಬಗ್ಗೆ 1965ರ ಸರ್ಕಾರಿ ನಿಯಮಗಳೂ ಇವೆ. ದಿನಕ್ಕೆ 9 ಗಂಟೆಗಿಂತ ಹೆಚ್ಚು, ಬಿಡುವಿಲ್ಲದೆ 5 ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ. ಮುಳ್ಳಿನ ಕಡಿವಾಣ ಹಾಕುವಂತಿಲ್ಲ.

ಬಾಡಿಗೆ ಮಾತಾಡುವಾಗಲೇ ಕುದುರೆಗೆ ನೆರಳು, ನೀರು, ಹುಲ್ಲಿನ ಮಾತನ್ನೂ ಆಡೋಣ. ಅದರ ಬಾಯಿ, ಬೆನ್ನು, ಗೊರಸುಗಳಲ್ಲಿ ಗಾಯವಿದೆಯೇ ಎಂದು ನೋಡೋಣ. ಕುಂಟುವ ಕುದುರೆ ಬಂದರೆ ಬೇಡವೆಂದು, ಬಾಡಿಗೆ ಕೊಟ್ಟು ವಾಪಸು ಕಳಿಸೋಣ, ಅದರ ಯಜಮಾನನ ಹೊಟ್ಟೆಪಾಡೂ ನಡೆಯಬೇಕಲ್ಲ. ಸಂಭವನಾಥ ತೀರ್ಥಂಕರರ ಲಾಂಛನ ಕುದುರೆ. ಬಸದಿಯಲ್ಲಿ ಆ ಲಾಂಛನಕ್ಕೆ ತಲೆಬಾಗುವ ನಾವು ಬೀದಿಯಲ್ಲಿ ನಿಂತ ಕುದುರೆಯ ಬಾಯಾರಿಕೆಯನ್ನು ಕಾಣದಿರಬಾರದು.

ಮುಂದಿನ ಸಲ ಬೆಳಗೊಳಕ್ಕೆ ಹೋದಾಗ ಮಕ್ಕಳೊಂದಿಗೆ ಚಿಕ್ಕಬೆಟ್ಟವನ್ನೂ ಹತ್ತಿ, ಇಂದ್ರರಾಜನ ಕಂಬ ತೋರಿಸಿ.

ಜೈ ಜಿನೇಂದ್ರ.